ಏನಿಲ್ಲ, ಮನೇಲೇ ಇರ್ತಾಳೆ

ಜುಲೈ 1, ಮಂಗಳವಾರ. ಬೆಳಿಗ್ಗೆ 10
ಕಸ ಗುಡಿಸಿದ್ದು ಸಂಪಾದಕಿ. ಚಹಾ ಕಾಸಿದ್ದು ಪ್ರಕಾಶಕಿ. ಲೋಟ ತೊಳೆದದ್ದು ವ್ಯವಸ್ಥಾಪಕ ನಿರ್ದೇಶಕಿ. ಮೂವರೂ ನಾನೇ. ಮೂವರಿಗೂ ಪರಸ್ಪರ ಅಷ್ಟಕ್ಕಷ್ಟೆ.

ಹೆಂಗಸರು ಬರೆದದ್ದನ್ನು ಮಾತ್ರ ಹಾಕುವ ನಮ್ಮ ವೆಬ್‌ಸೈಟಿನಲ್ಲಿ ಇವತ್ತು ಹೊಸ ಲೇಖನ — ‘ಏನಿಲ್ಲ, ಮನೇಲೇ ಇರ್ತಾಳೆ’. ಹೆಂಡತಿ ಏನು ಮಾಡುತ್ತಾಳೆಂದು ಯಾರು ಕೇಳಿದರೂ ‘ನಮ್ಮನೆಯವರು’ ಕೊಡುವ ಉತ್ತರ. ಇಪ್ಪತ್ತೆರಡು ವರ್ಷದಿಂದ ಅದೇ. ಲೇಖಕಿ ತಮ್ಮ ಹೆಸರು ಬೇಡ ಅಂದಿದ್ದಾರೆ. ಮಾತು ಕೊಟ್ಟಿದ್ದೇನೆ. ಗಂಡನ ಹೆಸರೂ ಇಲ್ಲ, ಬರೀ ‘ನಮ್ಮನೆಯವರು’. ಎಂಥ ಸುರಕ್ಷಿತ ಪದ!

ಜುಲೈ 3, ಗುರುವಾರ
ಸುರಕ್ಷಿತವಂತೆ! ಊರಿನ ಗಂಡಂದಿರೆಲ್ಲ ತಮ್ಮದೇ ಕಥೆ ಅಂದುಕೊಂಡಿದ್ದಾರೆ. ಒಂಬತ್ತು ದೂರು. ವಕೀಲರೊಬ್ಬರು ನೋಟಿಸ್ ಕಳಿಸುತ್ತಾರಂತೆ. ಮೇಷ್ಟ್ರೊಬ್ಬರು ದೂರಿನ ಜೊತೆಗೆ ನನ್ನ ಕಾಗುಣಿತವನ್ನೂ ತಿದ್ದಿದ್ದಾರೆ. ಒಂಬತ್ತನೆಯವರು ನಮ್ಮ ಭಾವ. ಫೋನಿನಲ್ಲಿ.

“ನಿಮ್ಮಕ್ಕಾನೇ ಬರೆದಿರೋದು ಅಲ್ವಾ? ನಿಜ ಹೇಳು.”

“ಅದ್ರಲ್ಲಿ ಯಾವ ಮಾತು ನಿಮ್ದು ಭಾವ?”

ಲೇಖನವನ್ನು ಇನ್ನೊಮ್ಮೆ ಗುಣುಗುಣು ಓದಿಕೊಂಡರು. “ಎಲ್ಲಾನೂ.”

ತಪ್ಪೊಪ್ಪಿಗೆ ಇಷ್ಟು ಅಗ್ಗವಾಗಿ ಸಿಕ್ಕಿದ್ದು ಇದೇ ಮೊದಲು.

ಜುಲೈ 4, ಶುಕ್ರವಾರ
ಹತ್ತನೆಯವರು ಮೆಟ್ಟಿಲು ಹತ್ತಿಯೇ ಬಂದರು. ಕೆಳಗೆ ಕನ್ನಡಕದ ಅಂಗಡಿ ಇಟ್ಟಿರುವ, ನನ್ನ ಈ ರೂಮಿನ ಮಾಲೀಕರು.

“ನನ್ನ ಹೆಂಡ್ತೀನೇ ಬರೆದಿರೋದು. ಹೌದೋ ಅಲ್ವೋ, ಅಷ್ಟು ಹೇಳಮ್ಮ.”

“ಹೇಳಲ್ಲ ಸಾರ್.”

“ಅಲ್ಲ ಅನ್ನೋಕೇನು ಕಷ್ಟ?”

ಕಷ್ಟವೇ. ಹತ್ತು ಜನರಿಗೆ ‘ಅಲ್ಲ’ ಅಂದರೆ ಹನ್ನೊಂದನೆಯವರಿಗೆ ‘ಹೌದು’ ಅಂದಂತೆ.

“ಮುಂದಿನ ಶನಿವಾರದೊಳಗೆ ಹೆಸರು ಹೇಳು. ಇಲ್ಲಾ ರೂಮು ಖಾಲಿ ಮಾಡು.”

ಮನೆಯಲ್ಲಿ ಮೇಜಿಲ್ಲದ ಆರು ಜನ ಮಧ್ಯಾಹ್ನ ಈ ರೂಮಿಗೆ ಬಂದು ಬರೆಯುತ್ತಾರೆ. ಅವರನ್ನು ಎಲ್ಲಿ ಕೂರಿಸಲಿ... ಆದರೂ ಹೆಸರು ಹೇಳುವವಳಲ್ಲ.

ಜುಲೈ 9, ಬುಧವಾರ
ಐದು ದಿನ ಏನೂ ಬರೆದಿಲ್ಲ. ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದೆ. ಬೇರೆ ರೂಮು ಸಿಗಲಿಲ್ಲ. ಏನು ಕೆಲಸ ಅಂದರು. ಹೇಳಿದೆ. ಬಾಗಿಲು ಹಾಕಿಕೊಂಡರು. ನಾಲ್ಕು ಕಡೆ ಇದೇ ಸತ್ಕಾರ.

ಸಂಜೆ ಲೇಖಕಿಯ ಫೋನು. ಅಳು. “ನನ್ನಿಂದ ನಿಮಗೆ ತೊಂದ್ರೆ. ತೆಗೆದ್ಬಿಡಿ.”

“ಬರೆದಿದ್ದು ಬೇಡ ಅನ್ನಿಸ್ತಾ, ಭಯ ಆಯ್ತಾ?”

ಮೂಗು ಒರೆಸಿಕೊಂಡ ಸದ್ದು. “ಭಯ.”

“ಅದು ನನಗೂ ಇದೆ. ಅದಕ್ಕೆಲ್ಲ ತೆಗೆಯೋಕಾಗಲ್ಲ.”

“...ಹಾಗಾದ್ರೆ ಇರ್ಲಿ ಬಿಡಿ.”

ಇದೆ.

ಜುಲೈ 12, ಶನಿವಾರ. ಬೆಳಿಗ್ಗೆ 11
ಮಾಲೀಕರ ಹೆಂಡತಿ ಬಂದರು. ಪೆಟ್ಟಿಗೆಗಳನ್ನು ನೋಡಿದರು.

“ಇವೆಲ್ಲ ಬಿಚ್ಚು. ನಾನೇ ಬರೆದಿದ್ದು ಅಂತ ಒಪ್ಕೊಂಡ್ಬಿಟ್ಟೆ.”

“ಅಯ್ಯೋ ಆಂಟಿ, ನೀವು ಬರೆದೇ ಇಲ್ವಲ್ಲ!”

ಬಾಯಿ ತಪ್ಪಿ ಬಂತು. ಎಂಟು ದಿನ ಕಾಪಾಡಿದ ಗುಟ್ಟು ಒಂದು ‘ಅಯ್ಯೋ’ದಲ್ಲಿ ಮಣ್ಣುಪಾಲು.

“ಅದು ನಂಗೊತ್ತಿಲ್ವಾ? ಓದಿದಾಗಿಂದ ಹೊಟ್ಟೆ ಉರೀತಿದೆ, ನಾನ್ಯಾಕೆ ಬರೀಲಿಲ್ಲ ಅಂತ. ಪೆನ್ನು ಕೊಡಿಲ್ಲಿ.”

ಮಧ್ಯಾಹ್ನ 1.30
ನಾಲ್ಕು ಪುಟ. ಮೊದಲ ಸಾಲಿನಲ್ಲೇ ಆಂಟಿಯ ಪೂರ್ತಿ ಹೆಸರು. ಟೈಪ್ ಮಾಡಿದೆ. ಒಂದಕ್ಷರ ತಿದ್ದುವ ಧೈರ್ಯ ಸಂಪಾದಕಿಗೆ ಬರಲಿಲ್ಲ.

“ಹೆಸರು ಬೇಕಾ ಆಂಟಿ? ಇನ್ನೊಂದ್ಸಲ ಯೋಚಿಸಿ.”

“ಇಪ್ಪತ್ತಾರು ವರ್ಷ ಅದೇ ಮಾಡಿದೀನಿ. ದಪ್ಪಕ್ಷರದಲ್ಲಿ ಹಾಕು. ಅವರಿಗೆ ಹತ್ತಿರದ್ದು ಕಾಣಲ್ಲ.”

“ಇದಾದ್ಮೇಲೂ ರೂಮು ಬಿಡು ಅಂದ್ರೆ?”

“ಬಿಡೋಣ. ಇಬ್ರೂ ಒಟ್ಟಿಗೇ ಹೊರಡೋಣ.”

ಮೆಟ್ಟಿಲ ಮೇಲೆ ಮಾಲೀಕರ ಚಪ್ಪಲಿ ಸದ್ದು. ಆಂಟಿ ಸೆರಗು ಸರಿಮಾಡಿಕೊಂಡು ಎದ್ದರು. “ಬಾಗಿಲು ನಾನು ತೆಗೀತೀನಿ. ನೀನು ಒತ್ತು.”

ಎಡಗೈಯಲ್ಲಿ ಇದನ್ನು ಗೀಚುತ್ತಿದ್ದೇನೆ, ಬಲಗೈ ಮೌಸ್ ಮೇಲೆ, ಬಾಣ ‘ಪ್ರಕಟಿಸು’ ಗುಂಡಿಯ ಮೇಲೆ. ಒತ್ತಿದೆ. ಪರದೆಯಲ್ಲಿ ಚಕ್ರ ತಿರುಗುತ್ತಿದೆ... ತಿರುಗುತ್ತಿದೆ...

ಚಿಲಕ ತೆಗೆದರು. “ಬನ್ನಿ, ಮೆತ್ತಗೆ ಬನ್ನಿ. ಇಲ್ಲಿ ಕೆಲ್ಸ ನಡೀತಾ—”