ದಾರಿ ಕೇಳಿದ ಸಂಜೆ

ಉಲ್ಲಾಳ, ಬೆಂಗಳೂರು
೧೭ ನವೆಂಬರ್ ೨೦೨೪

ಪ್ರೀತಿಯ ಸ್ಪಂದನ,

ಚಟ್ನಿಪುಡಿ ಕಳಿಸುತ್ತೇನೆಂದು ಹೇಳಿ ತಿಂಗಳಾಯಿತು. ತಡವಾಗಿದ್ದಕ್ಕೆ ಬೈದುಕೋ. ಇವತ್ತು ಡಬ್ಬಿಯ ಜೊತೆ ಈ ಕಾಗದವನ್ನೂ ಇಟ್ಟಿದ್ದೇನೆ. ಧಾರವಾಡದಲ್ಲಿ ಚಳಿ ಶುರುವಾಗಿರಬೇಕು, ಕಿವಿಗೆ ಏನಾದರೂ ಸುತ್ತಿಕೊಂಡು ಓಡಾಡು. ಅಪ್ಪ ಚೆನ್ನಾಗಿದ್ದಾರೆ. ದಿನಾ ಸಂಜೆ ಫೋನ್ ಮಾಡುವವಳು ಕಾಗದ ಯಾಕೆ ಬರೆದಳು ಅಂತೀಯಾ? ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ 'ಏನೂ ಇಲ್ಲ, ಆರಾಮಾಗಿದ್ದೀನಿ' ಅಂದುಬಿಡುತ್ತೇನೆ, ಸ್ಪಂದನ. ಕಾಗದದ ಎದುರು ಹಾಗನ್ನುವುದು ಕಷ್ಟ.

ಹೋದ ವಾರ ವಿಜಯನಗರದ ಮಾರ್ಕೆಟ್ಟಿಗೆ ಹೋಗಿ ಬಸ್ಸಿನಲ್ಲಿ ವಾಪಸು ಬಂದೆ. ನಮ್ಮ ಸ್ಟಾಪಿನಲ್ಲೇ ಇಳಿದು ಒಂದಿಷ್ಟು ದೂರ ನಡೆದೆ. ಆಮೇಲೆ ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ವರ್ಷಗಟ್ಟಲೆ ಓಡಾಡಿದ ರಸ್ತೆ ಯಾರದೋ ಊರಿನದಾಗಿತ್ತು. ಅಪ್ಪನಿಗೆ ಫೋನ್ ಮಾಡಬಹುದಿತ್ತು. ಏನೆಂದು ಹೇಳುವುದು? ವಿಚಿತ್ರವೆಂದರೆ, ಎಂ.ಎ. ಓದುವಾಗ ಬಾಯಿಪಾಠ ಮಾಡಿದ್ದ ಕವಿತೆಯೊಂದು ಆಗಲೇ ತಾನಾಗಿ ನೆನಪಾಯಿತು, ಒಂದು ಪದವೂ ತಪ್ಪದೆ. ಮನೆ ಮಾತ್ರ ನೆನಪಾಗಲಿಲ್ಲ. ತರಕಾರಿ ಚೀಲ ಕೈಯಿಂದ ಜಾರಿತು.

ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ವಯಸ್ಸಾದವರೊಬ್ಬರು ಕೂತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಎದ್ದು ಬಂದು ಉರುಳಿದ ಟೊಮೇಟೊಗಳನ್ನು ಆರಿಸುತ್ತ, "ದಾರಿ ತಪ್ತಾ ತಾಯಿ?" ಅಂದರು.

"ಇಲ್ಲ ಇಲ್ಲ, ಯಾರಿಗೋ ಕಾಯ್ತಾ ಇದೀನಿ."

"ಕಾಯೋರು ಹಿಂಗೆ ನಾಕೂ ದಿಕ್ಕಿಗೂ ತಿರುಗಲ್ಲ, ಬುಡು. ನಂಗೂ ತಪ್ಪೈತೆ, ಬಾ ಕೂತ್ಕೊ. ಇದೆಲ್ಲಾ ಮೊದ್ಲು ನನ್ ಹೊಲವೇ ಕಣಮ್ಮ, ರಾಗಿ ಬೆಳೀತಿದ್ದೆ. ಈಗ ಮಗನ ಮನೆ ಯಾವ ಕ್ರಾಸು ಅಂತ ದಿನಾ ಕೇಳ್ಕೊಂಡೇ ಹೋಗ್ತೀನಿ. ಎಲ್ಲಾ ಮನೇನೂ ಅಚ್ಚಲ್ಲಿ ಒತ್ತಿದಂಗೆ ಕಟ್ಟವ್ರೆ!"

ನಗು ಬಂತು. ಕೂತೆ. ಅವರ ಹೆಸರು ತಿಮ್ಮಯ್ಯ.

ನಾನು ಏನೂ ಹೇಳಿರಲಿಲ್ಲ, ಸ್ಪಂದನ. ಅವರೇ ತಮ್ಮ ಹೆಂಡತಿ ಮುನಿತಾಯಮ್ಮನ ಮಾತು ತೆಗೆದರು. "ನಮ್ಮವಳೂ ನಿನ್ನಂಗೇ, ಏನಿಲ್ಲ ಏನಿಲ್ಲ ಅಂತ ಮುಚ್ಚಾಕೋಳು. ಸಾರಿಗೆ ಎಲ್ಡು ಸಲ ಉಪ್ಪಾಕಿ ನಗೋಳು, ನಾವೂ ನಗ್ತಿದ್ವಿ. ಒಂದಿನ ಸಂಜೆ ಹಾಲು ತರಾಕೋದೋಳು ಬರ್ಲೇ ಇಲ್ಲ. ಮಾರ್ನೆ ದಿನ ಕೆಂಗೇರಿ ಕೆರೆ ತಾವ ಸಿಕ್ಕಿದ್ಲು."

"ಆಮೇಲೆ?"

"ಆಮೇಲೇನು, ನನ್ನೇ ಅಣ್ಣ ಅಂತ ಕರೆಯೋಳು. ಸಾಯೋಗಂಟ." ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಮರ್ಯೋದು ತಪ್ಪಲ್ಲ ತಾಯಿ. ಮೊದ್ಲೇ ಹೇಳಿದ್ರೆ ಕೈ ಹಿಡ್ಕೊಂಡು ಓಡಾಡ್ತಿದ್ದೆ. ಅಷ್ಟು ದಿನ ಒಬ್ಳೇ ಹೆದರ್ಕೊಂಡವ್ಳೆ. ಪಕ್ಕದಲ್ಲೇ ಮಲಗ್ತಿದ್ದೆ, ಗೊತ್ತಾಗ್ಲಿಲ್ಲ."

ಆಮೇಲೆ ಎದ್ದು, ಇಸ್ತ್ರಿ ಗಾಡಿಯ ವೀರೇಶನನ್ನು ರಸ್ತೆಯೆಲ್ಲ ಕೇಳುವ ಹಾಗೆ ಕೂಗಿದರು. "ಲೋ, ಈಯಮ್ಮನ ಮನೆ ಯಾವ್ದೋ? ನಂದ್ಯಾವ್ದೋ?"

"ನಿಮ್ದು ಮುಂದಿನ ಕ್ರಾಸು ಯಜಮಾನ್ರೇ, ನಿನ್ನೇನೂ ಹೇಳಿದ್ದೆ! ಮೇಡಂದು ಅಗೋ, ಆ ಹಸಿರು ಗೇಟು."

ಗೇಟು ಕಣ್ಣೆದುರಿಗೇ ಇತ್ತು, ಸ್ಪಂದನ. ಕೇಳುವುದು ಇಷ್ಟು ಸುಲಭವೇ ಅನ್ನಿಸಿತು. ಅವರು ಚೀಲ ಎತ್ತಿಕೊಂಡು ಮನೆಯವರೆಗೂ ಬಂದರು.

ನಿನ್ನ ಅಜ್ಜಿಗೆ ಮರೆವು ಶುರುವಾದದ್ದೂ ನನ್ನ ಈ ವಯಸ್ಸಿನಲ್ಲೇ. ಅಡುಗೆಮನೆಯಲ್ಲಿ ನಿಂತು ಡಬ್ಬಿಗಳಲ್ಲಿ ಏನೇನಿದೆಯೆಂದು ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ಒಂದು ಪದ ತಡವಾದರೂ ಮತ್ತೆ ಮೊದಲಿನಿಂದ ಶುರುಮಾಡುತ್ತೇನೆ. ಡಾಕ್ಟರು ಏನನ್ನುತ್ತಾರೋ ಎಂಬುದಕ್ಕಿಂತ, ಅದನ್ನು ಒಬ್ಬಳೇ ಕೂತು ಕೇಳಬೇಕಲ್ಲ ಎಂದೇ ಭಯ. ಇವತ್ತು ಅಪ್ಪನಿಗೆ ಹೇಳುತ್ತೇನೆ. ರಜೆಗೆ ಬಂದಾಗ ಡಾಕ್ಟರ ಹತ್ತಿರ ನೀನೂ ಜೊತೆಗೆ ಬರುತ್ತೀಯಾ, ಸ್ಪಂದನ?

ಓದಿನ ಗಡಿಬಿಡಿಯಲ್ಲಿ ಊಟ ಬಿಡಬೇಡ. ನಿನ್ನ ಹೊಟ್ಟೆ ತಣ್ಣಗಿರಲಿ, ಒಳ್ಳೆಯದಾಗಲಿ.

ನಿನ್ನ
ಅಮ್ಮ

ಮತ್ತೆ: ಯಾವಾಗಲೂ ಪುಟ್ಟಿ ಎನ್ನುವವಳು ಇಷ್ಟು ಸಲ ಹೆಸರು ಹಿಡಿದು ಕರೆದಿದ್ದಾಳೆ, ಕೋಪವಿರಬೇಕು ಎಂದುಕೊಳ್ಳಬೇಡ. ಅಂದು ಗೇಟಿನ ಹತ್ತಿರ ತಿಮ್ಮಯ್ಯನವರು, "ಮಕ್ಕಳೆಷ್ಟು ತಾಯಿ?" ಅಂದರು. "ಒಬ್ಳೇ ಮಗಳು," ಅಂದೆ. "ಏನ್ ಹೆಸ್ರು?" ಅಂದರು. ಬಾಯಿ ತೆರೆದೆ. ನಿನ್ನ ಮುಖ ಬಂತು, ನಗು ಬಂತು, ಜ್ವರ ಬಂದಾಗಿನ ನಿನ್ನ ಬಿಸಿ ಹಣೆ ಬಂತು. ಹೆಸರು ಬರಲಿಲ್ಲ. ಅವರು ಮತ್ತೆ ಕೇಳಲಿಲ್ಲ, ಚೀಲವನ್ನು ಗೇಟಿನೊಳಗೆ ಇಟ್ಟು ಹೋದರು. ಒಲೆಯ ಮೇಲೆ ಹಾಲಿಟ್ಟಾಗ ನೆನಪಾಯಿತು. ಅದಕ್ಕೇ ಬರೆಯುತ್ತಿದ್ದೇನೆ, ಸ್ಪಂದನ.