ಮೈನಸ್ ಎರಡೂವರೆ ಕ್ಯಾಮೆರಾ

ಜೂನ್ ೪

ಬೆಳಿಗ್ಗೆ ಏಣಿ ಹತ್ತಿ ಲೆನ್ಸ್ ಒರೆಸಿದೆ. ಈಗ ಇದು ದಿನದ ಕೆಲಸ. ಅಂಗಡಿಯ ಹಳದಿ ಬಟ್ಟೆಯಿಂದಲೇ. ಏನನ್ನೂ ನೋಡದ ಕ್ಯಾಮೆರಾಕ್ಕೆ ಇಷ್ಟು ಉಪಚಾರ ಯಾಕೆ? ಮನೆಯ ಮುಂದಿನ ಕೋಣೆಯಲ್ಲೇ ಕನ್ನಡಕದ ಅಂಗಡಿ ಇಟ್ಟವಳು ನಾನು. ಧೂಳು ಹಿಡಿದ ಗಾಜನ್ನು ಕಂಡು ಸುಮ್ಮನಿರುವ ಕೈ ಅಲ್ಲ ಇದು.

ಹಿತ್ತಲಿನ ನೀರಿನ ಮೋಟರು ಎರಡನೇ ಸಲ ಕಳುವಾದ ಮೇಲೆ ಓಣಿಯ ಕಡೆಯ ಗೋಡೆಗೆ ನಾನೇ ಮಾಡಿ ಹಾಕಿದ ಸುಳ್ಳು ಕ್ಯಾಮೆರಾ. ಪೈಪಿನ ತುಂಡು, ಕಪ್ಪು ಬಣ್ಣ, ಹಳೆಯ ಆಟಿಕೆಯಿಂದ ಕಿತ್ತ ಕೆಂಪು ದೀಪ. ಮುಂದೆ, ಗಿರಾಕಿಯೊಬ್ಬರು ಒಯ್ಯದೆ ಬಿಟ್ಟ ಗ್ಲಾಸು. ಸಾಣೆಗೆ ಹಿಡಿದು, ದುಂಡಗೆ ಸವೆಸಿ ಕೂರಿಸಿದೆ. ಕೂದಲೆಳೆಯಷ್ಟೂ ಸಂದಿಲ್ಲ. ಮನೆಯವರು ಏಣಿ ಹಿಡಿದು ಕೆಳಗೆ ನಿಂತಿದ್ದರು.

"ನಂಬರ್ ಎಷ್ಟು ಇದಕ್ಕೆ?"

"ಮೈನಸ್ ಎರಡೂವರೆ."

"ಪಾಪ. ದೂರದ್ದು ಕಾಣಲ್ಲ ಅನ್ನು."

"ಅದಕ್ಕೇ ಕನ್ನಡಕ ಹಾಕಿದೀನಲ್ಲ."

ಜೂನ್ ೧೯

ಹೊಸ ಮೋಟರು ಇದ್ದಲ್ಲೇ ಇದೆ. ನಲ್ಲಿಗಳೂ. ಓಣಿಯಲ್ಲಿ ಹೋಗುವವರು ನಮ್ಮ ಗೋಡೆ ಬಂದಾಗ ನೆಟ್ಟಗಾಗುತ್ತಾರೆ. ಅದಕ್ಕೆ ಉಚ್ಚೆ ಹೊಯ್ಯುತ್ತಿದ್ದ ದೊಡ್ಡಮನುಷ್ಯರು ಬೇರೆ ಗೋಡೆ ನೋಡಿಕೊಂಡಿದ್ದಾರೆ. ಇವತ್ತು ಒಬ್ಬರು ಕ್ಯಾಮೆರಾದ ಎದುರು ನಿಂತು ತಲೆ ಬಾಚಿಕೊಂಡರು.

ಯಾರಿಗೂ ಹೇಳಿಕೊಳ್ಳಲಾಗದ ಹೆಮ್ಮೆ. ಅದಕ್ಕೇ ರುಚಿ ಜಾಸ್ತಿ.

ಜುಲೈ ೨

ಓಣಿಯ ಕೊನೆಯ ಮನೆಯ ಟೈಲರಮ್ಮ ಹೊಲಿದ ಬಟ್ಟೆ ಕೊಡಲು ಬಂದವಳು ಕೂತಳು.

"ಅಕ್ಕಾ, ನಿಮ್ಮ ಕ್ಯಾಮೆರಾ ಬಂದಮೇಲೆ ನನ್ನ ಜೀವಕ್ಕೆ ನೆಮ್ಮದಿ ನೋಡಿ. ಮಗಳು ಮುಂಚೆ ಮೇನ್ ರೋಡ್ ಸುತ್ಕೊಂಡು ಬರ್ತಿದ್ಲು. ಈಗ ನಾನೇ ಹೇಳ್ದೆ. ಓಣೀಲೇ ಬಾರೇ, ಅಕ್ಕ ನೋಡ್ತಿರ್ತಾರೆ ಅಂತ."

ಮಗಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಸಂಜೆ ಏಳರ ಹೊತ್ತಿಗೆ ಬರುತ್ತಾಳೆ. ಕ್ಯಾಮೆರಾಕ್ಕೆ ಕೈ ಬೀಸಿ ಹೋಗುತ್ತಾಳಂತೆ.

"ನೋಡಿರ್ತೀರಲ್ಲ?"

"ಹೂಂ" ಎಂದೆ.

ಬಾಯಿ ಜಾರಿತು ಎನ್ನಲಾರೆ. ಖುಷಿಯಿಂದಲೇ ಬಂತು.

ಜುಲೈ ೩

ಹೇಳಿಬಿಡಬೇಕು. ಟೈಲರಮ್ಮನಿಗೆ ಹೇಳಿದರೆ ಬೀದಿಗೇ ಹೇಳಿದಂತೆ, ಮೋಟರು ಮತ್ತೆ ಹೋಗುತ್ತದೆ. ಹೇಳದಿದ್ದರೆ... ಹುಡುಗಿ ಗಾಜೊಂದನ್ನೇ ನಂಬಿ ಓಣಿಗೆ ಇಳಿಯುತ್ತಾಳೆ.

ನಾಳೆ ಹೇಳುವುದು.

ಜುಲೈ ೧೧, ಸಂಜೆ

ತಾಯಿ ಮಗಳು ಇಬ್ಬರೂ ಬಂದರು. ಬಸ್‌ಸ್ಟಾಪಿನಿಂದ ಒಬ್ಬ ಹಿಂದೆ ಬಿದ್ದನಂತೆ. ನಮ್ಮ ಗೋಡೆಯ ಬಳಿ ಹುಡುಗಿ ನಿಂತು, ತಿರುಗಿ, ಬೆರಳೆತ್ತಿ ಕ್ಯಾಮೆರಾ ತೋರಿಸಿದಳಂತೆ. ಅವನು ತಲೆಯೆತ್ತಿ ನೋಡಿದ. ಬಂದ ದಾರಿ ಹಿಡಿದ.

ಎದೆ ಉಬ್ಬಿತು. ಬರೆದುಕೊಳ್ಳಲು ನಾಚಿಕೆ. ಆದರೆ ಉಬ್ಬಿತು.

"ತಲೆ ಎತ್ತಿ ನೋಡಿದಾನಲ್ಲ, ಮುಖ ಚೆನ್ನಾಗಿ ಬಂದಿರುತ್ತೆ" ಎಂದಳು ಟೈಲರಮ್ಮ. "ತೆಗೆದುಕೊಡಿ ಅಕ್ಕಾ, ಸ್ಟೇಷನ್‌ಗೆ ಕೊಟ್ಟು ಬರ್ತೀವಿ."

ಮನೆಯವರು ನನ್ನ ಮುಖ ನೋಡಿದರು.

"ಅದರೊಳಗೆ ಏನೂ ಇಲ್ಲ" ಎಂದೆ. "ಪೈಪಿನ ತುಂಡು. ನಾನೇ ಮಾಡಿದ್ದು."

ಟೈಲರಮ್ಮ ಎದ್ದಳು. "ಪೈಪಿನ ತುಂಡು ನಂಬ್ಕೊಂಡು ಮಗಳನ್ನ ಈ ದಾರೀಲಿ ಬಾ ಅಂದ್ನಾ ನಾನು? ಅವತ್ತು ಕೇಳ್ದಾಗ ಹೂಂ ಅಂದ್ರಲ್ಲಕ್ಕಾ."

ಹುಡುಗಿ ಹೋಗುವಾಗ ಕ್ಯಾಮೆರಾದ ಕಡೆ ನೋಡಲೂ ಇಲ್ಲ.

ಜುಲೈ ೧೨

"ನಿಜವಾದ್ದೇ ಹಾಕಿಸೋಣ ಬಿಡು" ಎಂದರು ಮನೆಯವರು. ಹಾಕಿಸಬಹುದು. ಅದು ಆದದ್ದನ್ನು ಆಮೇಲೆ ತೋರಿಸುತ್ತದೆ. ಆಗುವಾಗ ಅದರ ಹಿಂದೆಯೂ ಯಾರೂ ಇರುವುದಿಲ್ಲ.

ಮೇಜು, ಸಾಣೆ ಯಂತ್ರ, ದೀಪ — ಎಲ್ಲವನ್ನೂ ಓಣಿಯ ಕಡೆಯ ಕಿಟಕಿಗೆ ಎಳೆಸಿದೆ. ಪರದೆ ಕಿತ್ತೆ. ಸಂಜೆಯ ಕೆಲಸ ಇನ್ನು ಅಲ್ಲಿ.

"ಈಗ ಕ್ಯಾಮೆರಾ ನೀನೇ ಆದೆ. ನಂಬರ್ ಎಷ್ಟಮ್ಮಾ?"

"ಪ್ಲಸ್ ಒಂದೂವರೆ. ದೂರದ್ದು ಚೆನ್ನಾಗೇ ಕಾಣುತ್ತೆ. ಹತ್ತಿರದ್ದೇ ಕಷ್ಟ."

ನಗಲಿಲ್ಲ ಅವರು.

ಜುಲೈ ೨೬

ಹುಡುಗಿ ಮೇನ್ ರೋಡಿನಲ್ಲೇ ಬರುತ್ತಾಳೆ. ಓಣಿ ಖಾಲಿ. ಆದರೂ ಕೂರುತ್ತೇನೆ. ದೀಪ ಹಾಕಿ, ಗ್ಲಾಸು ಸವೆಸುತ್ತಾ.

ಮೋಟರು ಇನ್ನೂ ಇದ್ದಲ್ಲೇ ಇದೆ. ಅಂದರೆ ಅವರಿಬ್ಬರೂ ಯಾರಿಗೂ ಹೇಳಿಲ್ಲ. ಬೀದಿಗೇ ಹೇಳಿದಂತೆ ಎಂದು ಬರೆದಿದ್ದೆ, ಹಿಂದಿನ ಪುಟದಲ್ಲಿ. ಹೊಡೆದುಹಾಕಿದೆ.

ಆಗಸ್ಟ್ ೮

ಟೈಲರಮ್ಮ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತಳು.

"ದಿನಾ ಏಳಕ್ಕೆ ಅಲ್ಲಿ ಕೂತಿರ್ತೀರಲ್ಲ."

"ಹೂಂ."

"ನನ್ನ ಮಷಿನ್ ಹತ್ರಕ್ಕೆ ನಿಮ್ಮ ದೀಪ ಕಾಣುತ್ತೆ. ಸೂಜಿ ಪೋಣಿಸುವಾಗ ನೋಡ್ತಿರ್ತೀನಿ." ಹೊರಟವಳು ತಿರುಗಿದಳು. "ಮಗಳೂ ನೋಡಿದಾಳೆ."

ನಾನಂದದ್ದು ಅವತ್ತಿನ ಅದೇ ಹೂಂ. ಈ ಸಲ ಅದಕ್ಕೆ ತೂಕವಿತ್ತು. ಲೆನ್ಸ್ ಕೂರಿಸಿದ ದಿನವೂ ಇಷ್ಟು ಹೆಮ್ಮೆ ಆಗಿರಲಿಲ್ಲ.

ಆಗಸ್ಟ್ ೯, ಸಂಜೆ ಏಳು

ಓಣಿಯ ಬಾಯಲ್ಲಿ ಚಪ್ಪಲಿ ಸದ್ದು. ಅವಳೇ. ಅವಸರವಿಲ್ಲದ ನಡಿಗೆ. ಕ್ಯಾಮೆರಾದ ಕೆಳಗೆ ಬಂದಳು. ಮೇಲೆ ನೋಡಲಿಲ್ಲ. ಕಿಟಕಿಯ ಕಡೆ ತಿರುಗಿದಳು. ಕೈ ಎತ್ತುತ್ತಿದ್ದಾಳೆ. ಪೆನ್ನು ಹಿಡಿದ ಕೈಯಲ್ಲೇ ನಾನೂ —