ಏಳು ಚಿಪ್ಪುಗಳು ಬಾಯಿ ತೆರೆಯಲು ಬೇಕಾದ ನೀರು

ಹೊಳೆಬಾಗಿಲು, ತುಂಗಭದ್ರೆಯ ಬಲದಂಡೆ
ಕ್ರಿ.ಶ. ೨೩೧೨, ಫೆಬ್ರವರಿ ೩೦

ಮುನ್ನೂರು ವರ್ಷದ ಹಿಂದಿನ ಹಿರಿಯರಿಗೆ,

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ಕೆರೆ ಹೂಳೆತ್ತಲು ಇಟ್ಟುಕೊಂಡಿದ್ದೇವೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಒರಟೆನಿಸಿದರೆ ಮಾತ್ರ ಕ್ಷಮೆ ಕೇಳುವುದಿಲ್ಲ, ಅಷ್ಟು ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ನಾನು ದುರುಗವ್ವ ಅಂಬಿಗೇರ, ಈ ಊರಿನ ಚಿಪ್ಪುಗಾವಲಿಯಾಗಿ ಇಪ್ಪತ್ತಾರು ವರ್ಷ ದುಡಿದವಳು. ಹೊಳೆಯ ನೀರು ನಲ್ಲಿಗೆ ಹೋಗುವ ಮೊದಲು ಒಂದು ಕಲ್ಲುತೊಟ್ಟಿಯಲ್ಲಿ ಹರಿಯುತ್ತದೆ. ಅದರಲ್ಲಿ ಎಂಟು ಚಿಪ್ಪುಜೀವಿಗಳು. ಪ್ರತಿಯೊಂದರ ಮೇಲ್ಚಿಪ್ಪಿಗೂ ದಾರ, ದಾರದ ತುದಿಗೆ ಕಡ್ಡಿ. ಚೊಕ್ಕ ನೀರಿನಲ್ಲಿ ಅವು ಬಾಯಿ ತೆರೆದಿರುತ್ತವೆ, ಕಡ್ಡಿ ಎದ್ದು ನಿಲ್ಲುತ್ತದೆ. ವಿಷ ತಗುಲಿದರೆ ಬಾಯಿ ಮುಚ್ಚುತ್ತವೆ, ಕಡ್ಡಿ ಮಲಗುತ್ತದೆ. ಐದು ಕಡ್ಡಿ ಮಲಗಿದರೆ ಊರಿನ ನಲ್ಲಿ ಬಂದ್. ಹಿಂದೆಲ್ಲ ಜನ ಕಡ್ಡಿ ನೋಡದೆ ಒಲೆಗೆ ಎಸರು ಇಡುತ್ತಿರಲಿಲ್ಲ.

ಎಂಟು ವರ್ಷದ ಹಿಂದೆ ನಲ್ಲಿ ವಾರಕ್ಕೆ ಮೂರು ದಿನ ಬಂದ್ ಆಗತೊಡಗಿತು. ಮೇಲ್ದಂಡೆಯ ಬಣ್ಣದ ಕಾರ್ಖಾನೆಗಳನ್ನು ಕೇಳುವ ಬದಲು ನಮ್ಮ ನೀರುಸಮಿತಿ ಚಿಪ್ಪುಗಳನ್ನೇ ಬದಲಿಸಿತು. ಕಾರ್ಖಾನೆಯ ಮೋರಿಯಲ್ಲೇ ಹುಟ್ಟಿ ಬೆಳೆದವನ್ನು ತಂದು ತೊಟ್ಟಿಗೆ ಬಿಟ್ಟರು. ಏನು ಹರಿದು ಬಂದರೂ ಅವು ಬಾಯಿ ಮುಚ್ಚುವುದಿಲ್ಲ. ಅಂದಿನಿಂದ ಎಂಟೂ ಕಡ್ಡಿ ನೆಟ್ಟಗೆ ನಿಂತಿವೆ, ಊರಿಗೆ ಊರೇ ನೆಮ್ಮದಿಯಾಗಿದೆ. ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಮಗಳು ಹಾಲವ್ವ ಕೌದಿ ಹೊಲಿಯುವವಳು. ಹೋದ ತಿಂಗಳು ಒಲೆಯ ಮೇಲಿನ ಹಂಚಿಗೆ ಬಲಗೈ ಊರಿ ನನ್ನೊಡನೆ ಮಾತಾಡುತ್ತ ನಿಂತಿದ್ದಳು. “ಅವ್ವಾ, ಏನೋ ಸುಟ್ಟ ವಾಸನಿ ಬರಾಕತ್ತೈತಿ ನೋಡು” ಎಂದಳು. ಸುಡುತ್ತಿದ್ದುದು ಅವಳ ಕೈ. ಈ ಮರಗಟ್ಟುವಿಕೆ ನೀರಿನಿಂದಲೇ ಬಂದದ್ದು, ನೀರು ಬದಲಾದರೆ ಉಳಿದಷ್ಟು ಸ್ಪರ್ಶವನ್ನು ಉಳಿಸಿಕೊಳ್ಳಬಹುದು ಎಂದರು ಡಾಕ್ಟರು.

ಕಳೆದ ವಾರ ಬತ್ತಿದ ಹಳ್ಳದ ಕೆಸರಿನಲ್ಲಿ ಹಳೆಯ ತಳಿಯ ಏಳು ಚಿಪ್ಪುಗಳು ಸಿಕ್ಕವು, ಬಾಯಿ ಬಿಗಿಹಿಡಿದು ಬದುಕಿದ್ದವು. ಸಮಿತಿಯ ಎದುರೇ ನಲ್ಲಿಯ ನೀರಿಗೆ ಬಿಟ್ಟೆ. ಒಂದೂ ತೆರೆಯಲಿಲ್ಲ. ಅಧ್ಯಕ್ಷ ಕೊಟ್ರೇಶಯ್ಯ ನಕ್ಕು, “ಇವು ಸತ್ತಾವ್ರಿ ದುರುಗವ್ವಾರ. ನಿಯಮ ಬರದಾಕಿ ನೀವಽ ಅಲ್ಲೇನ್ರಿ?” ಎಂದರು.

ಹೌದು, ನಾನೇ. ಸೋಮಾರಿ ಗಾವಲಿಗಳು ಸತ್ತ ಚಿಪ್ಪುಗಳನ್ನು ಬಿಗಿದು ಇಟ್ಟು, ಕಡ್ಡಿ ಮಲಗಿದೆಯೆಂದು ನಲ್ಲಿ ಬಂದ್ ಮಾಡಿ ಮನೆಗೆ ಹೋಗುತ್ತಿದ್ದ ಕಾಲದಲ್ಲಿ, ತೆರೆದದ್ದನ್ನು ಕಣ್ಣಾರೆ ಕಂಡ ಮೇಲೆ ಮುಚ್ಚಿದರೆ ಮಾತ್ರ ಸಾಕ್ಷಿ ಎಂದು ಬರೆದಿದ್ದೆ. ಎಂದೂ ತೆರೆಯಲಾಗದ ಕಾಲ ಬರುತ್ತದೆಂದು ನನಗೆ ಹೊಳೆಯಲೇ ಇಲ್ಲ. ನನ್ನ ಬುದ್ಧಿಗಿಷ್ಟು. ಅಂದಿನಿಂದ, ಎಲ್ಲಾದರೂ ಒಮ್ಮೆ ತೆರೆದರೆ ಸಾಕ್ಷಿಗೆ ನಿಲ್ಲುತ್ತವೆಂದು, ಏಳನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಎರಡು ತಾಲ್ಲೂಕು ಅಲೆದೆ. ಬಾವಿ, ಕೆರೆ, ಆಸ್ಪತ್ರೆಯ ಬಾಟಲಿ, ಕೊನೆಗೆ ಹಂಡೆಯಲ್ಲಿ ಕೂಡಿಟ್ಟ ಮಳೆನೀರು, ಎಲ್ಲದರಲ್ಲೂ ಬಿಟ್ಟು ನೋಡಿದೆ. ಒಂದೂ ಬಾಯಿ ಬಿಡಲಿಲ್ಲ.

ನಿಮ್ಮ ಕಾಲದಲ್ಲಿ ಇವು ಹೊಳೆಯ ಮರಳಿನಲ್ಲಿ ಸುಮ್ಮನೆ ಬಾಯಿ ತೆರೆದು ಕೂತಿರುತ್ತಿದ್ದವಂತೆ, ನೀವು ನೋಡದೆ ತುಳಿದುಕೊಂಡು ಹೋಗುತ್ತಿದ್ದಿರಂತೆ. ನನಗೆ ಬೇಕಾದದ್ದು ನಿಮ್ಮಿಂದ ಒಂದು ಕೊಡ ನೀರು. ಅದನ್ನು ಕಳಿಸಲು ನಿಮಗಿರುವ ದಾರಿ ಒಂದೇ: ಒಂದು ಮಡುವನ್ನಾದರೂ ಕೆಡಿಸದೆ ಬಿಡಿ. ಬೇಗ ಬಿಡಿ. ಹಾಲವ್ವನ ಎಡಗೈಯಲ್ಲಿ ಇನ್ನೂ ಎರಡು ಬೆರಳಿಗೆ ಬಿಸಿ ತಿಳಿಯುತ್ತದೆ.